ಕಿವಿ ಕಾಣ್ತಿದೆ ನೋಡಿ

ಸುಂದರಬನಕ್ಕೆ ಹೊರಟವರೆಲ್ಲ ಬಾಯಲ್ಲಿ ಹಕ್ಕಿ, ಮ್ಯಾಂಗ್ರೋವ್ ಅಂತಾರೆ. ಮನಸ್ಸಲ್ಲಿರೋದು ಹುಲಿ ಒಂದೇ. ನಮ್ಮ ಷಡ್ಡಕರಿಗೆ ಅಂಥ ಮುಚ್ಚುಮರೆ ಇಲ್ಲ. "ಹುಲಿ ಸಿಕ್ರೆ ದುಡ್ಡು ವಸೂಲು" ಅಂತ ಮೊದಲೇ ಹೇಳಿಬಿಟ್ಟಿದ್ದರು. ಅದಕ್ಕಂತಲೇ ಮೊಳದುದ್ದದ ಲೆನ್ಸ್ ಒಂದನ್ನು ಬೆಂಗಳೂರಿನಿಂದ ಬಾಡಿಗೆಗೆ ತಂದಿದ್ದರು. ವಿಮಾನದಲ್ಲಿ ಅದು ಅವರ ತೊಡೆ ಬಿಟ್ಟು ಇಳಿಯಲಿಲ್ಲ.

ಕೋಲ್ಕತ್ತಾದಿಂದ ಮೂರು ತಾಸಿನ ರಸ್ತೆ, ಗೋದ್‌ಖಾಲಿಯಲ್ಲಿ ಲಾಂಚ್. ಕೆಳಗೆ ಮಲಗೋ ಜಾಗ, ಹಿಂದೆ ಅಡುಗೆಮನೆ, ಮೇಲೆ ಪ್ಲಾಸ್ಟಿಕ್ ಕುರ್ಚಿಗಳು. ಡೀಸೆಲ್ ಎಂಜಿನ್ ಸದ್ದಿಗೆ ಹುಲಿ ಗರ್ಜಿಸಿದರೂ ಕೇಳಿಸುವ ಹಾಗಿರಲಿಲ್ಲ. ಸಜ್ನೇಖಾಲಿಯಲ್ಲಿ ಪರ್ಮಿಟ್ ಆದ ಮೇಲೆ ಗೈಡ್ ಶುರು ಮಾಡಿದ. ಭಾರತದ ಕಡೆ ಸುಮಾರು 100 ಹುಲಿಗಳಿವೆ, ಉಪ್ಪುನೀರಿಗೂ ಒಗ್ಗಿಕೊಂಡಿವೆ, ನದಿಗಳನ್ನೇ ಈಜಿ ದಾಟುತ್ತವೆ. ನೀವು ಅವನ್ನು ನೋಡದಿದ್ದರೂ ಅವು ನಿಮ್ಮನ್ನು ನೋಡ್ತಾ ಇರುತ್ತವೆ.

"ಹಾಗಾದ್ರೆ ಟಿಕೆಟ್ ದುಡ್ಡು ಅವೇ ಕೊಡ್ಲಿ" ಅಂದರು ನಮ್ಮತ್ತೆ.

ಅತ್ತೆಯ ಸಂಕಟ ಬೇರೆಯೇ ಇತ್ತು. ಅವರು ಹುಟ್ಟಾ ಸಸ್ಯಾಹಾರಿ. ಮೀನು ಬೇಡ, ಬರೀ ಬೇಳೆ ಸಾಕು ಅಂತ ನನ್ನ ಹೆಂಡತಿ ಅಡುಗೆಯವನಿಗೆ ಹಿಂದಿಯಲ್ಲೂ ಕೈಸನ್ನೆಯಲ್ಲೂ ಹೇಳಿದ್ದಳು. ಅವನು ಖುಷಿಯಾಗಿ ತಲೆಯಾಡಿಸಿದ್ದ. ಮಧ್ಯಾಹ್ನ ಹುರಿದ ಹೆಸರುಬೇಳೆಯದು ಬಂತು, ತುಪ್ಪದ ಘಮ ಬೇರೆ. ಅತ್ತೆ ಸೌಟು ಹಾಕಿ ತಿರುವಿದರು. ಬೇಳೆಯೊಳಗಿಂದ ಒಂದು ಕಣ್ಣು ಮೇಲೆ ಬಂದು ಅವರನ್ನೇ ನೋಡಿತು. ಕಣ್ಣಿನ ಹಿಂದೆ ಮೀನಿನ ಇಡೀ ತಲೆ.

"ಮೀನು ಹಾಕಿಲ್ಲ ಮಾಸಿಮಾ, ತಲೆ ಅಷ್ಟೇ!"

ಬಂಗಾಳದಲ್ಲಿ ಮೀನಿನ ತಲೆ ಹಾಕಿದ ಬೇಳೆ ಅಂದ್ರೆ ಮದುವೆಮನೆಯ ಅಡುಗೆ. ಪಾಪ, ಮರ್ಯಾದೆ ಮಾಡೋಕೆ ಹೋಗಿದ್ದ. ಅಲ್ಲಿಂದ ಮುಂದೆ ಅತ್ತೆ ಬದುಕಿದ್ದು ಕಡ್ಲೆಪುರಿ, ಮನೆಯಿಂದ ತಂದ ಚಟ್ನಿಪುಡಿ ಮತ್ತು ಈಚಲು ಬೆಲ್ಲದ ಸಂದೇಶ್ ಮೇಲೆ. ಸಂದೇಶ್ ಮಾತ್ರ ನಮಗ್ಯಾರಿಗೂ ಉಳಿಸಲಿಲ್ಲ.

ಡೆಕ್ ಮೇಲೆ ಕೂತು, ದಡದಲ್ಲಿ ಕಂಡ ಕಂಡ ದಿಮ್ಮಿಯನ್ನೆಲ್ಲ ಮೊಸಳೆ ಅಂತ ಕೂಗಿ ಸುಸ್ತಾದೆವು. ಕೊನೆಗೆ ಒಂದನ್ನು ದಿಮ್ಮಿ ಅಂತ ಸುಮ್ನೆ ಬಿಟ್ಟರೆ ಅದು ಬಾಯಿ ತೆರೆದು ನೀರಿಗೆ ಜಾರಿತು.

ಇನ್ನು ಹೆಂತಾಲ್. ಇದು ನಮ್ಮ ಈಚಲಿನ ಜಾತಿಯದೇ ಗಿಡ. ಒಣಗಿದ ಗರಿಗಳು ಹಳದಿ, ನಡುನಡುವೆ ಕಪ್ಪು ನೆರಳು. ಹುಲಿ ಅಡಗಿ ಕೂರೋಕೆ ಹೇಳಿ ಮಾಡಿಸಿದ ಜಾಗ. ಹುಲಿ ಇಲ್ಲದಾಗ ಇರುವ ಹಾಗೆ ಕಾಣಿಸೋಕೂ ಅಷ್ಟೇ ಚೆನ್ನ. ಯಾರೋ "ಅಲ್ಲಿ!" ಅಂದರು. ಎಲ್ಲರೂ ಒಂದೇ ಕಡೆ ನುಗ್ಗಿದ್ದಕ್ಕೆ ಲಾಂಚ್ ವಾಲಿತು, ಚಹಾ ಲೋಟಗಳು ಉರುಳಿದವು. ಪೊದೆಯಿಂದ ಒಂದು ಚುಕ್ಕೆ ಜಿಂಕೆ ಮೆಲುಕು ಹಾಕುತ್ತಾ ಈಚೆ ಬಂತು. ಷಡ್ಡಕರು ಮಾತ್ರ ಪೊದೆಯ ಫೋಟೋ ತೆಗೀತಾನೇ ಇದ್ದರು. ಜಿಂಕೆ ಬಂದದ್ದೇ ಹುಲಿಗೆ ಹೆದರಿ ಅಂತ ಅವರ ವಾದ.

ಮಾರನೇ ದಿನ ಒಂದು ಕಿರಿದಾದ ಕಾಲುವೆಗೆ ನುಗ್ಗಿದಾಗ ಇಳಿತ ಶುರುವಾಗಿತ್ತು. ಲಾಂಚ್ ಗುಸಕ್ಕಂತ ಕೆಸರಲ್ಲಿ ಕೂತಿತು. ಇಲ್ಲಿ ದಿನಕ್ಕೆ ಎರಡು ಸಲ ನೀರು ಆಳೆತ್ತರಕ್ಕೂ ಜಾಸ್ತಿ ಏರಿ ಇಳಿಯುತ್ತದೆ. ಇಳಿದು ತಳ್ಳೋಣ ಅಂದರೆ ಕಾಡಿನ ನಿಯಮ ಬಿಡೋದಿಲ್ಲ, ನಮ್ಮ ಕಾಲೂ ಬಿಡಲಿಲ್ಲ. ಲಾಂಚ್ ಓಡಿಸುವವ ಎಂಜಿನ್ ಆರಿಸಿ, ನೀರು ಬಂದಾಗ ಎಬ್ಬಿಸಿ ಅಂತ ಟವೆಲ್ ಮುಖಕ್ಕೆ ಹಾಕಿಕೊಂಡು ಮಲಗಿಬಿಟ್ಟ. ಕಾಡಿಗೆ ಹೋಗುವ ಹಿಂದೂಗಳೂ ಮುಸ್ಲಿಮರೂ ಇಲ್ಲಿ ಕಾಡು ಕಾಯುವ ದೇವತೆ ಬೋನ್‌ಬೀಬಿಗೆ ಕೈಮುಗಿಯುತ್ತಾರೆ. ಅತ್ತೆಯೂ ಮುಗಿದರು. ಯಾವುದಕ್ಕೂ ಇರಲಿ ಅಂತ ಚಾಮುಂಡಿಗೂ ಒಂದು ಹರಕೆ ಕಟ್ಟಿಕೊಂಡರು.

ಎಂಜಿನ್ ನಿಂತ ಮೇಲೆ ನೋಡ್ತೀವಿ, ಕೆಸರೇ ಓಡಾಡ್ತಿದೆ! ನೆತ್ತಿ ಮೇಲೆ ಕಣ್ಣಿಟ್ಟುಕೊಂಡ ಮಡ್‌ಸ್ಕಿಪ್ಪರ್ ಮೀನುಗಳು ಈಜುರೆಕ್ಕೆ ಊರಿಕೊಂಡು ತೆವಳುತ್ತಿದ್ದವು. ಚರ್ಮದಿಂದಲೂ ಉಸಿರಾಡುವುದರಿಂದ ಮೈ ಒಣಗಬಾರದು, ಆಗಾಗ ಕೆಸರಲ್ಲಿ ಹೊರಳಬೇಕು. ಅವುಗಳ ಪಕ್ಕದಲ್ಲೇ ಫಿಡ್ಲರ್ ಏಡಿಗಳು. ಗಂಡಿಗೆ ಒಂದು ಕೈ ಮೈಯಷ್ಟು ದೊಡ್ಡದು, ಇನ್ನೊಂದು ಕಡ್ಡಿ. ದೊಡ್ಡದನ್ನು ಎತ್ತೆತ್ತಿ ಬೀಸಿ ಹೆಣ್ಣನ್ನು ಕರೆಯುತ್ತೆ. ಊಟಕ್ಕೆ ಆ ಕೈ ದಂಡ. ಚಿಕ್ಕ ಕೈಯಲ್ಲೇ ಕೆಸರನ್ನು ಚಿಟಿಕೆ ಚಿಟಿಕೆಯಾಗಿ ಬಾಯಿಗೆ ಹಾಕಿಕೊಳ್ಳಬೇಕು. ಹೆಣ್ಣಿಗೆ ಎರಡೂ ಚಿಕ್ಕವೇ. ಆರಾಮಾಗಿ ಎರಡೂ ಕೈಯಲ್ಲಿ ತಿನ್ನುತ್ತಿತ್ತು.

ಷಡ್ಡಕರು ಲೆನ್ಸ್ ಬಗ್ಗಿಸಿದರು. ಫೋಕಸ್ಸೇ ಆಗಲಿಲ್ಲ. ಅಷ್ಟು ದೊಡ್ಡ ಲೆನ್ಸಿಗೆ ಅಷ್ಟು ಹತ್ತಿರದ್ದು ಕಾಣೋದಿಲ್ಲವಂತೆ.

"ಭಾವ, ನಿಮ್ದೂ ಆ ಏಡಿ ಕೈ ಥರಾನೇ. ಬೀಸೋಕೆ ಮಾತ್ರ" ಅಂದಳು ನನ್ನ ಹೆಂಡತಿ. ಏಡಿಯ ಫೋಟೋ ಅವಳ ಫೋನಲ್ಲೇ ಬಂತು.

ಸಂಜೆ ಹೊತ್ತಿಗೆ ನೀರು ಬಂತು, ಲಾಂಚ್ ಎದ್ದಿತು, ಚಾಮುಂಡಿಗೆ ಲೆಕ್ಕ ಬಾಕಿ ಉಳಿಯಿತು.

ಊರಿಗೆ ಬಂದ ಮೇಲೆ ಷಡ್ಡಕರು ಮನೆಯವರ ವಾಟ್ಸಾಪ್ ಗುಂಪಿಗೆ ಹೆಂತಾಲ್ ಪೊದೆಯ ಫೋಟೋ ಹಾಕಿದರು. ಮೇಲೊಂದು ಕೆಂಪು ಬಾಣ, ಕೆಳಗೆ "ಇಲ್ಲೇ ಇತ್ತು" ಅಂತ. ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ಆಮೇಲೆ ಮೈಸೂರಿನ ಚಿಕ್ಕಮ್ಮ, "ಹೌದೌದು, ಕಿವಿ ಕಾಣ್ತಿದೆ" ಅಂದರು. ಸೋದರಮಾವ ಬಾಲವನ್ನೂ ಕಂಡರು. ರಾತ್ರಿ ಊಟದ ಹೊತ್ತಿಗೆ ಗುಂಪಲ್ಲಿ ಚರ್ಚೆ ನಡೀತಿದ್ದದ್ದು, ಪಕ್ಕದಲ್ಲಿರೋದು ಮರಿಯೋ ಹೆಣ್ಣೋ ಅಂತ.