ಓಡುವಾಗ ಕಿವಿಯಲ್ಲಿ ಹಾಡು ಇರಬೇಕೇ?

ಪರ: ಹಾಡಿದ್ದರೆ ಕಾಲು ತಾನಾಗಿ ಏಳುತ್ತದೆ

ನಾನು ಓಡಲು ಶುರು ಮಾಡಿದ್ದು ನಲವತ್ತೆರಡನೇ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದಿದೆ ಎಂದು ಡಾಕ್ಟರು ಹೇಳಿದ ಮೇಲೆ. ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಎರಡು ನಿಮಿಷ ಓಡಿದರೆ ಸಾಕು, ಏದುಸಿರು. ನನ್ನ ಉಸಿರಿನ ಸದ್ದೇ ನನಗೆ ಹೆದರಿಕೆ ಹುಟ್ಟಿಸುತ್ತಿತ್ತು. ಒಂದು ದಿನ ಮಗಳು ತನ್ನ ಇಯರ್‌ಫೋನ್ ಕೊಟ್ಟಳು. ಅವತ್ತು ಮೂರು ಹಾಡು ಮುಗಿಯುವ ತನಕ ನಾನು ನಿಲ್ಲಲಿಲ್ಲ.

ಇದು ಹೊಸ ಸಂಗತಿಯೇನಲ್ಲ. ನಮ್ಮಜ್ಜಿ ಕೋಳಿ ಕೂಗುವ ಹೊತ್ತಿಗೆ ಎದ್ದು ರಾಗಿ ಬೀಸುತ್ತಿದ್ದರು. ಬೀಸುಕಲ್ಲು ಸುತ್ತಿದಷ್ಟು ಹೊತ್ತೂ ಪದ ಹೇಳುತ್ತಿದ್ದರು. ಭಾರದ ಕಲ್ಲು ಎತ್ತುವವರು ‘ಐಸಾ’ ಎನ್ನದೆ ಎತ್ತುವುದಿಲ್ಲ. ಡೊಳ್ಳು ಕುಣಿತದವರನ್ನು ನೋಡಿ. ಕೊರಳಿಗೆ ಅಷ್ಟು ತೂಕದ ಡೊಳ್ಳು ಹಾಕಿಕೊಂಡು ನೆಗೆದು ಕುಣಿಯುತ್ತಾರೆ. ಆ ಬಡಿತ ನಿಂತುಬಿಟ್ಟರೆ ಅವರಲ್ಲಿ ಎಷ್ಟು ಜನ ಇನ್ನೊಂದು ಸುತ್ತು ಕುಣಿದಾರು? ಮೈ ದುಡಿಯುವ ಕಡೆಯಲ್ಲೆಲ್ಲ ನಮ್ಮ ಜನ ಹಾಡನ್ನು ಕರೆದುಕೊಂಡು ಹೋಗಿದ್ದಾರೆ.

ಅಳೆದು ನೋಡಿದವರೂ ಇದ್ದಾರೆ. ನ್ಯೂಯಾರ್ಕಿನಲ್ಲಿ ಆಗ ಆರು ದಿನಗಳ ಸೈಕಲ್ ರೇಸ್ ನಡೆಯುತ್ತಿತ್ತು. ಲಿಯೊನಾರ್ಡ್ ಏರ್ಸ್ ಎಂಬವರು ಅದನ್ನು ನೋಡಿ 1911ರಲ್ಲಿ ಒಂದು ಲೇಖನ ಬರೆದರು. ಬ್ಯಾಂಡ್ ಸುಮ್ಮನಿದ್ದಾಗ ಸವಾರರ ವೇಗ ಗಂಟೆಗೆ ಸುಮಾರು 29 ಕಿಲೋಮೀಟರ್. ಬ್ಯಾಂಡ್ ಬಾರಿಸುವಾಗ ಅದು 31 ದಾಟುತ್ತಿತ್ತು. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸ್ಸಿ 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಒಳಾಂಗಣದಲ್ಲಿ 2,000 ಮೀಟರ್ ವಿಶ್ವದಾಖಲೆ ಮಾಡಿದರಲ್ಲ, ಆಗ ಅವರ ಹೆಜ್ಜೆಗೆ ಹೊಂದುವ ಪಾಪ್ ಹಾಡೊಂದನ್ನು ಸ್ಪೀಕರಿನಲ್ಲಿ ಹಾಕಿದ್ದರು.

ಇದರ ಹಿಂದಿನ ಕಾರಣ ಸರಳ. ನಮ್ಮ ಗಮನಕ್ಕೆ ಒಂದು ಮಿತಿ ಇದೆ. ಹಾಡು ಒಂದಷ್ಟು ಜಾಗ ಹಿಡಿದುಕೊಂಡರೆ ಕಾಲುನೋವಿನ ಸುದ್ದಿಗೆ ಅಷ್ಟು ಜಾಗ ಕಡಿಮೆ. ತಾಳ ಸಿಕ್ಕಿದರೆ ಹೆಜ್ಜೆಯೂ ಒಂದೇ ಸಮನಾಗುತ್ತದೆ. ಹೆಜ್ಜೆ ಒಂದೇ ಸಮನಾದರೆ ಶಕ್ತಿ ಸುಮ್ನೆ ಸೋರುವುದಿಲ್ಲ. ನಿಮಿಷಕ್ಕೆ 120ರಿಂದ 140 ಬಡಿತದ ಹಾಡು ವ್ಯಾಯಾಮಕ್ಕೆ ಒಗ್ಗುತ್ತದೆ ಎಂದು ಈ ವಿಷಯ ಓದಿಕೊಂಡವರು ಹೇಳುತ್ತಾರೆ. ಪೀಟರ್ ಟೆರ್ರಿ ಮತ್ತು ಸಂಗಡಿಗರು 2020ರಲ್ಲಿ 139 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ಹಾಡು ಕೇಳುತ್ತ ವ್ಯಾಯಾಮ ಮಾಡಿದವರಿಗೆ ದಣಿವು ಕಡಿಮೆ ಅನ್ನಿಸಿತ್ತು. ಸಾಮರ್ಥ್ಯವೂ ಸ್ವಲ್ಪ ಏರಿತ್ತು. ಎಲ್ಲಕ್ಕಿಂತ ಜಾಸ್ತಿ ಬದಲಾಗಿದ್ದು ಮನಸ್ಸು. ಮಾಡುವ ಕೆಲಸ ಹಿತ ಅನ್ನಿಸಿತ್ತು.

ನನಗೆ ಈ ಕೊನೆಯದೇ ಮುಖ್ಯ. ಪದಕಕ್ಕಾಗಿ ಓಡುವವರು ಬೆರಳೆಣಿಕೆಯಷ್ಟು ಜನ. ಮಿಕ್ಕವರೆಲ್ಲ ಸಕ್ಕರೆ, ಬಿಪಿ, ಮಂಡಿನೋವು ಇಟ್ಟುಕೊಂಡವರು. ನಮಗೆ ಕಷ್ಟ ವೇಗದ್ದಲ್ಲ, ನಾಳೆ ಬೆಳಗ್ಗೆ ಮತ್ತೆ ಹೊದಿಕೆ ಸರಿಸಿ ಏಳುವುದರದ್ದು. ಇಷ್ಟದ ಹಾಡೊಂದು ಕಾಯುತ್ತಿದೆ ಎಂಬ ಆಸೆಯಿಂದ ನಾನು ಎಷ್ಟೋ ಮಳೆಗಾಲದ ಬೆಳಗ್ಗೆ ಶೂ ಕಟ್ಟಿದ್ದೇನೆ.

ವಿರೋಧ: ನಿಮ್ಮ ಉಸಿರು ನಿಮಗೆ ಕೇಳಿಸಲಿ

ಬೀಸುವ ಪದದ ಮಾತು ಬಂತು. ಆ ಪದ ಹೇಳುತ್ತಿದ್ದವರು ಯಾರು? ಬೀಸುವವರೇ ಅಲ್ವಾ. ತೋಳು ಸೋತರೆ ಪದವೂ ನಿಧಾನವಾಗುತ್ತಿತ್ತು, ಉಸಿರು ಬೇಕಾದಾಗ ಸಾಲು ಅಲ್ಲೇ ನಿಲ್ಲುತ್ತಿತ್ತು. ಡೊಳ್ಳನ್ನೂ ಕುಣಿಯುವವರೇ ಬಾರಿಸುತ್ತಾರೆ. ಅಲ್ಲಿ ಹಾಡು ಮೈಯಿಂದ ಹುಟ್ಟಿ ಮೈ ಜೊತೆಗೇ ಏರಿಳಿಯುತ್ತದೆ. ಕಿವಿಯೊಳಗೆ ತುರುಕಿಕೊಂಡ ಹಾಡಿಗೆ ನಿಮ್ಮ ಮೈಯ ಪರಿಚಯವೇ ಇಲ್ಲ. ನೀವು ಸೋತಿದ್ದೀರಿ ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಅದರ ಪಾಡಿಗೆ ಅದು ಓಡುತ್ತದೆ, ನೀವು ಅದರ ಹಿಂದೆ.

ನಾನು ಬೆಂಗಳೂರಿನಲ್ಲಿ ಹುಡುಗ ಹುಡುಗಿಯರಿಗೆ ದೂರದ ಓಟ ಕಲಿಸುತ್ತೇನೆ. ಕೆಟ್ಟ ಓಟ ಕೆಡುವುದು ಹೆಚ್ಚಾಗಿ ಮೊದಲ ಎರಡು ಕಿಲೋಮೀಟರಿನಲ್ಲಿ. ಹಾಡಿನ ಅಬ್ಬರಕ್ಕೆ ಸಿಕ್ಕಿ ಹೊರಟವರು ಅಲ್ಲಿ ಹಾರುತ್ತಾರೆ, ಏಳನೇ ಕಿಲೋಮೀಟರಿನಲ್ಲಿ ನಡೆಯುತ್ತಾರೆ. ನಿಧಾನದ ಓಟದ ದಿನ ನಾನು ಕೊಡುವ ಅಳತೆ ಒಂದೇ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಜಾಸ್ತಿಯಾಗಿದೆ. ಎರಡೂ ಕಿವಿ ಮುಚ್ಚಿಕೊಂಡವರಿಗೆ ಈ ಅಳತೆ ಎಲ್ಲಿಂದ ಸಿಗಬೇಕು?

ದಣಿವು ಕಡಿಮೆ ಅನ್ನಿಸುತ್ತದೆ ಎಂಬ ಮಾತು ನಿಜ. ನನ್ನ ಚಿಂತೆಯೂ ಅದೇ. ಅದೇ 139 ಅಧ್ಯಯನಗಳ ಲೆಕ್ಕದಲ್ಲಿ ಹೃದಯದ ಬಡಿತಕ್ಕೆ ಗಮನಿಸುವಷ್ಟು ವ್ಯತ್ಯಾಸ ಸಿಗಲಿಲ್ಲ. ಅಂದರೆ ಹೃದಯ ಅಷ್ಟೇ ದುಡಿಯುತ್ತಿದೆ, ನಮಗೆ ಮಾತ್ರ ಹಗುರ ಅನ್ನಿಸುತ್ತಿದೆ. ಮೊಣಕಾಲಿನ ಸಣ್ಣ ಸೆಳೆತ, ಬಿಸಿಲಿಗೆ ಬರುವ ತಲೆಸುತ್ತು ಇವೆಲ್ಲ ಮೈ ಕೊಡುವ ಸೂಚನೆಗಳು. ನೋವಿನ ಜೊತೆ ಇವನ್ನೂ ಹಾಡು ಮುಚ್ಚಿಬಿಡುತ್ತದೆ. ಇನ್ನು ನಿಜವಾಗಿ ಕಷ್ಟದ ಓಟದಲ್ಲಿ, ಮಾತೇ ಹೊರಡದಷ್ಟು ಉಸಿರು ಏರಿದಾಗ, ದಣಿವನ್ನು ಮರೆಸುವ ಹಾಡಿನ ಬಲ ತುಂಬಾ ತಗ್ಗುತ್ತದೆ. ಆಗ ಗಮನವನ್ನೆಲ್ಲ ಮೈ ಎಳೆದುಕೊಳ್ಳುತ್ತದೆ. ಅಲ್ಲಿಯವರೆಗೆ ಬರೀ ಹಾಡನ್ನೇ ನಂಬಿದವರ ಕೈಯಲ್ಲಿ ಆ ಹೊತ್ತಿಗೆ ಏನೂ ಇರುವುದಿಲ್ಲ.

ಸೈಕಲ್ ರೇಸಿನ ಲೆಕ್ಕವನ್ನೂ ನಾನು ಪೂರ್ತಿ ಒಪ್ಪಲಾರೆ. ಅದು ಜನ ಸೇರಿದ್ದ ಕ್ರೀಡಾಂಗಣ. ವೇಗ ಹೆಚ್ಚಿದ್ದು ಬ್ಯಾಂಡಿನಿಂದಲೋ, ಜನರ ಕೂಗಿನಿಂದಲೋ ಬಿಡಿಸಿ ಹೇಳುವುದು ಹೇಗೆ? ಗೆಬ್ರೆಸೆಲಾಸ್ಸಿಯ ಹಾಡೂ ಸ್ಪೀಕರಿನಿಂದ ಬಂದಿದ್ದು. ಟ್ರ್ಯಾಕ್ ಓಟದಲ್ಲಿ ಅಂಥ ಸಾಧನವನ್ನು ಓಟಗಾರರೇ ಜೊತೆಗಿಟ್ಟುಕೊಂಡರೆ ಅದು ಹೊರಗಿನ ಸಹಾಯ ಎಂದು ನಿಯಮ ಹೇಳುತ್ತದೆ. ಅಮೆರಿಕದ ಅಥ್ಲೆಟಿಕ್ಸ್ ಸಂಸ್ಥೆ 2007ರಲ್ಲಿ ರಸ್ತೆ ಓಟಗಳಲ್ಲಿ ಎಲ್ಲರಿಗೂ ಇಯರ್‌ಫೋನ್ ನಿಷೇಧಿಸಿತ್ತು. ಆಮೇಲೆ ಸಡಿಲಿಸಿತು. ಬಹುಮಾನಕ್ಕಾಗಿ ಓಡುವವರಿಗೆ ಮಾತ್ರ ನಿಷೇಧ ಉಳಿಯಿತು.

ನಮ್ಮ ರಸ್ತೆಗಳ ಬಗ್ಗೆ ಹೇಳದೆ ಇರಲಾರೆ. ಫುಟ್‌ಪಾತ್ ಮುರಿದಿರುತ್ತದೆ, ಓಡುವವರು ರಸ್ತೆಗಿಳಿಯುತ್ತಾರೆ. ಒನ್‌ವೇಯಲ್ಲಿ ಎದುರಿನಿಂದ ಬೈಕ್ ಬರುತ್ತದೆ. ಕಿವಿಯೊಂದೇ ಆಗ ನಮ್ಮ ಬೆನ್ನಿನ ಕಣ್ಣು. ಈ ಸದ್ದನ್ನೆಲ್ಲ ಮೀರಿ ಹಾಡು ಕೇಳಿಸಬೇಕು ಎಂದು ವಾಲ್ಯೂಮ್ ಏರಿಸಿದರೆ ಕಿವಿಯೇ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿಸಿದರೆ ವಾರಕ್ಕೆ ಬರೀ 4 ಗಂಟೆ.

ಜಿಮ್ಮಿನ ಟ್ರೆಡ್‌ಮಿಲ್ ಮೇಲೆ ಓಡುವವರು ಹಾಡು ಹಾಕಿಕೊಳ್ಳಲಿ, ಅದಕ್ಕೆ ನನ್ನ ತಕರಾರಿಲ್ಲ. ಹೊರಗೆ ನನ್ನ ಜೊತೆ ಓಡಲು ಬಂದವರ ಇಯರ್‌ಫೋನನ್ನು ಮೊದಲ ದಿನವೇ ಚೀಲಕ್ಕೆ ಹಾಕಿಸುತ್ತೇನೆ. ಎರಡು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ ಎಂದು ಎಣಿಸಲು ಹೇಳುತ್ತೇನೆ. ಮೊದಲ ವಾರ ಎಲ್ಲರಿಗೂ ಬೇಸರ. ಮೂರನೇ ವಾರದ ಹೊತ್ತಿಗೆ ಕಬ್ಬನ್ ಪಾರ್ಕಿನ ಬಿದಿರು ಮೆಳೆಯ ಹತ್ತಿರ ಯಾರಾದರೂ ಒಬ್ಬರು ಹಿಂದಿನಿಂದ ಕೂಗುತ್ತಾರೆ: ‘ಸಾರ್, ಇವತ್ತು ಎಣಿಸೋದೇ ಮರೆತುಹೋಯ್ತು, ಉಸಿರು ತಾನೇ ಬರ್ತಿದೆ.’