ನಿಜವಾಗಿ ಗಂಟೆ ಎಷ್ಟು?

ಮಾರ್ಚ್ ಎರಡನೇ ಭಾನುವಾರ ಬೆಳಗಿನ ಜಾವ ಎರಡಕ್ಕೆ ಅಮೆರಿಕದ ಗಡಿಯಾರಗಳು ಮೂರಕ್ಕೆ ಜಿಗಿಯುತ್ತವೆ. ಬೇಸಿಗೆಯ ಸಂಜೆ ಬೆಳಕು ಹೆಚ್ಚು ಸಿಗಲಿ ಅಂತ ಮಾಡಿಕೊಂಡ ‘ಬೇಸಿಗೆಯ ಟೈಮ್’ ಇದು, ನವೆಂಬರ್‌ನಲ್ಲಿ ಮತ್ತೆ ಒಂದು ಗಂಟೆ ಹಿಂದಕ್ಕೆ. ಎಲ್ಲ ಗಡಿಯಾರವೂ ತಾನೇ ಜಿಗಿಯುವುದಿಲ್ಲ. ಫೋನ್ ತಾನೇ ಜಿಗಿಯುತ್ತದೆ. ಗೋಡೆ ಗಡಿಯಾರಕ್ಕೆ ಕುರ್ಚಿ ಹತ್ತಬೇಕು. ಓವನ್ನಿನದ್ದಕ್ಕೆ ಯಾವ ಗುಂಡಿ ಒತ್ತಬೇಕೋ ಯಾರಿಗೂ ನೆನಪಿರುವುದಿಲ್ಲ. ಕಾರಿನದ್ದನ್ನಂತೂ ಮುಟ್ಟುವ ಹಾಗೇ ಇಲ್ಲ. ನವೆಂಬರ್ ಬಂದರೆ ತಾನೇ ಸರಿಹೋಗುತ್ತದಲ್ವಾ ಅಂತ ನಮ್ಮನೆಯವರ ವಾದ.

ಆ ವಾರ ಬೆಳಗಿನ ಮಾತುಕತೆ ಹೀಗಿರುತ್ತದೆ:

“ರೀ, ಏಳಾಯ್ತು, ಏಳಿ.”

“ನಿಜವಾಗಿ ಎಷ್ಟು?”

“ನಿಜವಾಗಿ ಆರು.”

“ಮತ್ತೆ ಸುಮ್ನೆ ಯಾಕೆ ಎಬ್ಬಿಸ್ತೀಯ?”

ಅವರು ಎದ್ದಾಗ ನಿಜವಾಗಿ ಏಳು. ಆಫೀಸಿನವರ ಲೆಕ್ಕದಲ್ಲಿ ಎಂಟು. ಆಮೇಲೆ ಮನೆಯಲ್ಲಿ ನಡೆಯುವ ಓಡಾಟವನ್ನು ನೀವೇ ಊಹಿಸಿಕೊಳ್ಳಿ.

ನವೆಂಬರ್‌ನಲ್ಲಿ ಒಂದು ಗಂಟೆ ನಿದ್ದೆ ಜಾಸ್ತಿ ಸಿಗುತ್ತದೆ ಅನ್ನುತ್ತಾರೆ. ಚಿಕ್ಕ ಮಕ್ಕಳಿಲ್ಲದವರು ಹೇಳುವ ಮಾತದು. ಕೂಸಿಗೆ ಹಸಿವಾಗುವುದು ಹಳೇ ಟೈಮಿಗೇ. ಗಡಿಯಾರ ಹಿಂದಕ್ಕೆ ತಿರುಗುವ ಆ ರಾತ್ರಿ ಒಂದರಿಂದ ಎರಡರವರೆಗಿನ ಗಂಟೆ ಎರಡು ಸಲ ಬರುತ್ತದೆ. ಅವಳಿಗಳಲ್ಲಿ ಮೊದಲನೆಯದು 1:50ಕ್ಕೆ ಹುಟ್ಟಿ, ಇಪ್ಪತ್ತು ನಿಮಿಷ ಬಿಟ್ಟು ಎರಡನೆಯದು ಹುಟ್ಟಿದರೆ ಅದರ ಸಮಯ 1:10. ಕಾಗದದ ಮೇಲೆ ತಮ್ಮನೇ ಅಣ್ಣ!

ಇದನ್ನೆಲ್ಲ ಯಾರಪ್ಪಾ ಶುರು ಮಾಡಿದ್ದು ಅಂತ ಹುಡುಕಿದರೆ ಮೊದಲು ಸಿಗುವವರು ಹುಳ ಹಿಡಿಯುವವರೊಬ್ಬರು. ನ್ಯೂಜಿಲೆಂಡಿನ ಜಾರ್ಜ್ ಹಡ್ಸನ್ 1895ರಲ್ಲಿ ಗಡಿಯಾರವನ್ನು ಎರಡು ಗಂಟೆ ಮುಂದಕ್ಕೆ ತಿರುಗಿಸೋಣ ಅಂದರು. ಕೆಲಸ ಮುಗಿಸಿ ಬಂದ ಮೇಲೆ ಕೀಟ ಹುಡುಕಲು ಬೆಳಕು ಬೇಕಿತ್ತು! ಇಂಗ್ಲೆಂಡಿನ ವಿಲಿಯಂ ವಿಲೆಟ್ 1907ರಲ್ಲಿ ಇನ್ನೊಂದು ಉಪಾಯ ತೆಗೆದರು. ಏಪ್ರಿಲ್‌ನ ನಾಲ್ಕು ಭಾನುವಾರ ಇಪ್ಪತ್ತಿಪ್ಪತ್ತು ನಿಮಿಷ ಮುಂದಕ್ಕೆ. ಸದ್ಯ, ಪಾರ್ಲಿಮೆಂಟು ಒಪ್ಪಲಿಲ್ಲ. ಒಪ್ಪಿದ್ದರೆ ನಾಲ್ಕು ಸಲ ಕುರ್ಚಿ ಹತ್ತಬೇಕಾಗುತ್ತಿತ್ತು. ಕೊನೆಗೆ 1916ರಲ್ಲಿ ಯುದ್ಧದ ನಡುವೆ ಕಲ್ಲಿದ್ದಲು ಉಳಿಸಲು ಜರ್ಮನಿ ಗಡಿಯಾರ ತಿರುಗಿಸಿತು. ಕೆಲವೇ ವಾರದಲ್ಲಿ ಬ್ರಿಟನ್ನೂ ತಿರುಗಿಸಿತು. ಶತ್ರುಗಳಾದರೂ ಇದರಲ್ಲಿ ಒಮ್ಮತ.

ನಮ್ಮನೆಯವರು ಹೇಳುವ ಆ “ನಿಜವಾದ” ಆರು ಗಂಟೆ ಇದೆಯಲ್ಲ, ಅದೂ ಯಾರೋ ಕೂತು ಗೊತ್ತು ಮಾಡಿದ್ದೇ. ಮೊದಲು ಒಂದೊಂದು ಊರಿಗೂ ಅದರದೇ ಮಧ್ಯಾಹ್ನ. ಸೂರ್ಯ ನೆತ್ತಿಗೆ ಬಂದರೆ ಹನ್ನೆರಡು. ರೈಲಿನ ವೇಳಾಪಟ್ಟಿಗೆ ಇದು ಹೊಂದಲಿಲ್ಲ. 1883ರ ನವೆಂಬರ್ 18ರಂದು ಅಮೆರಿಕದ ರೈಲು ಕಂಪನಿಗಳೇ ದೇಶವನ್ನು ವಲಯಗಳಾಗಿ ಹಂಚಿ ಗಡಿಯಾರ ಸರಿ ಮಾಡಿಕೊಂಡವು. ಇದನ್ನು ಹೇಳಿದಾಗ ನಮ್ಮನೆಯವರು ಗಂಭೀರವಾಗಿ, “ಹಾಗಾದ್ರೆ ಸೂರ್ಯನ ಪ್ರಕಾರ ಆರೂ ಆಗಿಲ್ಲ ಅಂತಾಯ್ತು” ಅಂದರು. ಇಂಥವರಿಗೆ ಇತಿಹಾಸ ಹೇಳಬಾರದು.

ಯಾವುದಾದರೂ ಒಂದು ಟೈಮ್ ಇಟ್ಟುಕೊಂಡು ಸುಮ್ಮನಿರಬಾರದಾ ಅಂತ ಎಲ್ಲರೂ ಗೊಣಗುತ್ತೇವೆ. ಅಮೆರಿಕ ಅದನ್ನೂ ಮಾಡಿ ನೋಡಿದೆ. ಪೆಟ್ರೋಲ್, ಡೀಸೆಲ್‌ನಂಥ ತೈಲಕ್ಕೆ ಅಭಾವ ಬಂದಾಗ, 1974ರ ಜನವರಿಯಿಂದ ವರ್ಷವಿಡೀ ಬೇಸಿಗೆಯ ಟೈಮೇ ಅಂತ ಕಾನೂನು ಮಾಡಿದರು. ಮಕ್ಕಳು ಕಗ್ಗತ್ತಲಲ್ಲಿ ಶಾಲೆಗೆ ಹೊರಟರು, ಅಪ್ಪ ಅಮ್ಮಂದಿರು ಕೂಗಾಡಿದರು. ಅಕ್ಟೋಬರ್‌ನಲ್ಲಿ ಗಡಿಯಾರಗಳನ್ನು ಮತ್ತೆ ಹಿಂದಕ್ಕೆ ತಿರುಗಿಸಿದರು.