ಪರರಾಜ್ಯದ ಸರ್ಕಾರಿ ಕಾಲೇಜು ಅಂದರೆ ಪೇಮೆಂಟ್ ಸೀಟು

ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ತಿಪಟೂರಿನಿಂದ ಅಮ್ಮ ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. "ಅಲ್ಲ ಕಣೋ, ಸರ್ಕಾರಿ ಕಾಲೇಜು ಅಂತೀಯ. ಮತ್ತೆ ಮನೆ ಮಾರೋವಷ್ಟು ದುಡ್ಡು ಯಾಕೆ?"

ಮಗಳಿಗೆ ಮಿಡ್‌ವೆಸ್ಟಿನ ಒಂದು ದೊಡ್ಡ ಹೆಸರಿನ ಪಬ್ಲಿಕ್ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು. ನಾವಿರುವುದು ನ್ಯೂಜೆರ್ಸಿಯಲ್ಲಿ. ಹಾಗಾಗಿ ಅಲ್ಲಿ ಅವಳು ಔಟ್ ಆಫ್ ಸ್ಟೇಟ್, ಅಂದರೆ ಹೊರರಾಜ್ಯದವಳು. ಫೀಸು, ರೂಮು, ಊಟ ಸೇರಿ ವರ್ಷಕ್ಕೆ 78 ಸಾವಿರ ಡಾಲರ್. ನಮ್ಮದೇ ರಾಜ್ಯದ ರಟ್ಗರ್ಸ್‌ನಲ್ಲೂ ಸೀಟಿತ್ತು. ಅಲ್ಲಿ ಸುಮಾರು 35 ಸಾವಿರ. ನಾಲ್ಕು ವರ್ಷಕ್ಕೆ ಲೆಕ್ಕ ಹಾಕಿದರೆ 1,72,000 ಡಾಲರ್ ವ್ಯತ್ಯಾಸ. ಎರಡೂ ಸರ್ಕಾರಿ ಯೂನಿವರ್ಸಿಟಿಗಳೇ!

ಕೊನೆಗೆ ನನ್ನ ಸಿಇಟಿ ಕಾಲ ನೆನಪಾಯಿತು. "ಅಮ್ಮಾ, ನಂಗೆ ಫ್ರೀ ಸೀಟು ಸಿಕ್ಕಿತ್ತಲ್ಲ. ಎದುರುಮನೆ ಹುಡುಗನಿಗೆ ಅದೇ ಕಾಲೇಜಲ್ಲಿ ಪೇಮೆಂಟ್ ಸೀಟು. ಒಂದೇ ಬೆಂಚು, ಅದೇ ಲೆಕ್ಚರರ್ರು. ಫೀಸು ಮಾತ್ರ ಬೇರೆ. ಇದೂ ಹಂಗೇ."

ಅಮ್ಮನಿಗೆ ತಕ್ಷಣ ಅರ್ಥವಾಯಿತು. "ಹಂಗಾದ್ರೆ ಫ್ರೀ ಸೀಟು ಕೈಲಿಟ್ಕೊಂಡು ಪೇಮೆಂಟ್ ಸೀಟಿಗೆ ಯಾರಾದ್ರೂ ಹೋಗ್ತಾರಾ?"

ಹೋಗುತ್ತಾರೆ. ಅದರಲ್ಲೂ ನ್ಯೂಜೆರ್ಸಿಯ ಮಕ್ಕಳು ಜಾಸ್ತಿ. ಕನ್ನಡ ಸಂಘದ ಯುಗಾದಿ ಊಟಕ್ಕೆ ಹೋದರೆ ಸಾಕು. ಎಲೆ ಮುಂದೆ ಕೂತವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ, ಎಲ್ಲಿ ಸಿಕ್ಕಿತು ಅಂತ. ರಟ್ಗರ್ಸ್ ಅಂದರೆ "ಓ, ಒಳ್ಳೇದು ಬಿಡಿ" ಅನ್ನುತ್ತಾರೆ. ಆ "ಬಿಡಿ"ಯಲ್ಲೇ ಎಲ್ಲ ಇದೆ. ಹೊರಗಿನ ಹೆಸರು ಹೇಳಿದರೆ ಹೋಳಿಗೆ ಬಡಿಸುವವರೂ ನಿಂತು ಕೇಳುತ್ತಾರೆ.

ಇಲ್ಲಿಯ ಲೆಕ್ಕಾಚಾರ ಸರಳ. ಪಬ್ಲಿಕ್ ಯೂನಿವರ್ಸಿಟಿಗೆ ದುಡ್ಡು ಕೊಡುವುದು ಆ ರಾಜ್ಯದ ತೆರಿಗೆದಾರರು. ಹಾಗಾಗಿ ರಿಯಾಯಿತಿ ಅವರ ಮಕ್ಕಳಿಗೆ. 2008ರ ಆರ್ಥಿಕ ಕುಸಿತದ ನಂತರ ಬಹಳಷ್ಟು ರಾಜ್ಯಗಳು ಕೊಡುತ್ತಿದ್ದ ಅನುದಾನ ಕಡಿಮೆ ಮಾಡಿದವು. ಆ ತೂತು ಮುಚ್ಚಲು ಅನೇಕ ಯೂನಿವರ್ಸಿಟಿಗಳು ಹೊರಗಿನ ಮಕ್ಕಳನ್ನು ಹುಡುಕಿಕೊಂಡು ಹೊರಟವು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳಲ್ಲಿ ಹೊರಗಿನವರು ಮಾಮೂಲಿ ಫೀಸಿನ ಮೇಲೆ ಕಟ್ಟಬೇಕಾದ ಹೆಚ್ಚುವರಿ ಫೀಸೇ 2025ರಲ್ಲಿ ಹೊಸ ವಿದ್ಯಾರ್ಥಿಗಳಿಗೆ ವರ್ಷಕ್ಕೆ 37 ಸಾವಿರ ಡಾಲರ್ ದಾಟಿತು. ಬಣ್ಣಬಣ್ಣದ ಬ್ರೋಷರ್ ಮನೆಗೆ ಬಂದಾಗ ನಾವು "ನಮ್ಮ ಮಗಳನ್ನು ಕರೀತಿದ್ದಾರೆ" ಅಂದುಕೊಂಡೆವು. ಕರೆಯುತ್ತಿದ್ದದ್ದು ನಿಜ. ಜೊತೆಗೆ ನಮ್ಮ ಚೆಕ್‌ಬುಕ್ಕನ್ನೂ.

"ಸಾಲ ಸಿಗಲ್ವಾ?" ಅಂತ ಕೇಳುವವರಿಗೆ ಒಂದು ಮಾತು. ಮಗುವಿನ ಹೆಸರಿನಲ್ಲಿ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಸಾಲ ಮೊದಲ ವರ್ಷ ಸಿಗುವುದು 5,500 ಡಾಲರ್. ನಾಲ್ಕು ವರ್ಷಕ್ಕೆ ಎಲ್ಲ ಸೇರಿ 27 ಸಾವಿರ. ಉಳಿದದ್ದು ಅಪ್ಪ ಅಮ್ಮನ ತಲೆ ಮೇಲೆ. ಇಷ್ಟು ದಿನ ಅಪ್ಪ ಅಮ್ಮನಿಗೆ ಸಿಗುವ ಪೇರೆಂಟ್ ಪ್ಲಸ್ ಅನ್ನುವ ಫೆಡರಲ್ ಸಾಲದಲ್ಲಿ, ಬೇರೆ ನೆರವು ಕಳೆದು ಉಳಿದ ಪೂರ್ತಿ ಖರ್ಚನ್ನೂ ಎತ್ತಬಹುದಿತ್ತು. 2026ರ ಜುಲೈ 1ರಿಂದ ಹೊಸದಾಗಿ ಎತ್ತುವವರಿಗೆ ಒಂದು ಮಗುವಿಗೆ ವರ್ಷಕ್ಕೆ 20 ಸಾವಿರ, ಒಟ್ಟು 65 ಸಾವಿರ ಡಾಲರ್ ಅಂತ ಮಿತಿ. ಮಿಕ್ಕಿದ್ದಕ್ಕೆ ಪ್ರೈವೇಟ್ ಬ್ಯಾಂಕಿನ ಬಾಗಿಲು ತಟ್ಟಬೇಕು. ಐವತ್ತು ದಾಟಿದವನು ನಾನು, ಆ ಸಾಲ ತೀರಿಸುವ ಹೊತ್ತಿಗೆ ರಿಟೈರ್ ಆಗಿರಬೇಕಿತ್ತು.

ಇನ್ನು ಎಚ್-1ಬಿ ಕೆಲಸದ ವೀಸಾ ಮೇಲೆ ಇರುವ ಗೆಳೆಯರ ಪಾಡು ಬೇರೆಯೇ. ಅವರನ್ನು ಅವಲಂಬಿಸಿ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಫೆಡರಲ್ ಸಾಲವೂ ಇಲ್ಲ, ನೆರವೂ ಇಲ್ಲ. ಗ್ರೀನ್ ಕಾರ್ಡ್ ಸರದಿಯಲ್ಲಿ ನಿಂತಿರುವಾಗಲೇ ಮಗುವಿಗೆ 21 ತುಂಬಿದರೆ ಎಚ್-4 ಮುಗಿಯಿತು. ಓದು ಮುಂದುವರಿಸಲು ಸಾಮಾನ್ಯವಾಗಿ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಯಿಸಬೇಕು. ಚಿಕ್ಕಂದಿನಲ್ಲೇ ಬಂದು ಇಲ್ಲೇ ಬೆಳೆದ ಹುಡುಗಿ ಕಾಲೇಜಿನ ಮಧ್ಯದಲ್ಲಿ ವಿದೇಶಿ ವಿದ್ಯಾರ್ಥಿ! ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ, ಇಲ್ಲಿ ಶುರು ಮಾಡಿದರೆ ಸಿಟ್ಟು ಬರುತ್ತದೆ.

ಸಂಘದಲ್ಲಿ ಒಬ್ಬರು ಬಿಟ್ಟಿ ಉಪಾಯ ಕೊಟ್ಟರು. "ಮೊದಲ ವರ್ಷ ಕಟ್ಟಿಬಿಡಿ ಸಾರ್. ಒಂದು ವರ್ಷ ಅಲ್ಲೇ ಇದ್ದರೆ ಅಲ್ಲಿಯ ರೆಸಿಡೆಂಟ್ ಆಗ್ತಾಳೆ, ಆಮೇಲೆ ಇನ್ ಸ್ಟೇಟ್ ಫೀಸು." ಇದನ್ನು ನಂಬಬೇಡಿ. ಅಪ್ಪ ಅಮ್ಮನ ದುಡ್ಡಿನಲ್ಲಿ ಓದುವ ಮಗುವಿನ ಊರು ಸಾಮಾನ್ಯವಾಗಿ ಅಪ್ಪ ಅಮ್ಮನ ಊರೇ. ಬರೀ ಓದಲು ಬಂದು ಹಾಸ್ಟೆಲಿನಲ್ಲಿ ಕಳೆದ ವರ್ಷವನ್ನು ಹೆಚ್ಚಿನ ಯೂನಿವರ್ಸಿಟಿಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹೊರಗೆ ಹೋಗಲೇಬಾರದು ಅಂತ ನಾನು ಹೇಳುತ್ತಿಲ್ಲ. ಇಂಡಿಯಾನಾದ ಪರ್ಡೂ ಯೂನಿವರ್ಸಿಟಿ 2013ರಿಂದ ಒಂದು ದಶಕಕ್ಕೂ ಹೆಚ್ಚು ಕಾಲ ಟ್ಯೂಷನ್ ಏರಿಸಲಿಲ್ಲ, ಹೊರರಾಜ್ಯದವರಿಗೂ ಅದು 29 ಸಾವಿರ ಡಾಲರಿನ ಆಸುಪಾಸಿನಲ್ಲೇ ಇತ್ತು. ಎಂಜಿನಿಯರಿಂಗ್ ಮಾಡುವ ಮಗುವಿಗೆ ಅದು ಯೋಚಿಸಬೇಕಾದ ಮಾತೇ. ಅಲಬಾಮಾ ಯೂನಿವರ್ಸಿಟಿ ಒಳ್ಳೆಯ ಅಂಕ ಇರುವ ಹೊರಗಿನ ಮಕ್ಕಳಿಗೆ ಧಾರಾಳವಾಗಿ ಸ್ಕಾಲರ್‌ಶಿಪ್ ಕೊಡುತ್ತದೆ. ಪಶ್ಚಿಮದ ರಾಜ್ಯಗಳಲ್ಲಿ ಇರುವವರಿಗೆ ಡಬ್ಲ್ಯುಯುಇ (ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್) ಅಂತ ಒಂದು ಒಪ್ಪಂದವಿದೆ, ಅದರಡಿ ಅಲ್ಲಿಯ ಬೇರೆ ರಾಜ್ಯದ ಕಾಲೇಜಿನಲ್ಲಿ ಸೀಟು ಸಿಕ್ಕರೆ ಅಲ್ಲಿಯವರ ಒಂದೂವರೆ ಪಟ್ಟಿಗಿಂತ ಜಾಸ್ತಿ ಟ್ಯೂಷನ್ ಇಲ್ಲ. ದುಡ್ಡಿದ್ದವರ ಮಾತೂ ಬೇರೆ. ನನ್ನ ತಕರಾರು ಇರುವುದು ಬರೀ ಹೆಸರಿಗಾಗಿ, ಸಾಲ ಮಾಡಿ ಹೋಗುವುದಕ್ಕೆ.

ಹೆಸರಿನ ವಿಷಯಕ್ಕೆ ಬಂದರೆ ಇದನ್ನೂ ಹೇಳಬೇಕು. ಮಗಳ ಆಸೆ ಮೈಕ್ರೊಬಯಾಲಜಿ. ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದು 1943ರಲ್ಲಿ, ಇದೇ ರಟ್ಗರ್ಸ್‌ನ ಲ್ಯಾಬಿನಲ್ಲಿ, ಮಣ್ಣಿನೊಳಗಿನ ಜೀವಿಯಿಂದ. ನನ್ನ ತಾತನಿಗೆ ಟಿಬಿ ಬಂದಾಗ ತಿಂಗಳುಗಟ್ಟಲೆ ಚುಚ್ಚಿಸಿಕೊಂಡದ್ದು ಅದೇ ಮದ್ದು. ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಕ್ಯಾಂಪಸ್ಸು. ಅದನ್ನು "ಬಿಡಿ" ಅನ್ನುವವರ ಮುಂದೆ ನಾನೇ ಸಣ್ಣ ಮುಖ ಮಾಡಿಕೊಂಡು ಕೂತಿದ್ದೆನಲ್ಲ!

ಆದರೆ ನಿಜವಾದ ತಪ್ಪು ನನ್ನದು. ಆಗಸ್ಟಿನಲ್ಲಿ ಅವಳು ಅರ್ಜಿ ಹಾಕಲು ಕೂತಾಗ "ಎಲ್ಲಿ ಬೇಕಾದರೂ ಹಾಕು ಕಂದಾ, ದುಡ್ಡಿನ ಚಿಂತೆ ನಿಂಗ್ಯಾಕೆ" ಅಂದಿದ್ದೆ. ನಮ್ಮಪ್ಪ ಸಂಬಳ ಎಷ್ಟು ಅಂತ ನಮಗೆ ಒಂದು ದಿನವೂ ಹೇಳಿದವರಲ್ಲ. ಮಕ್ಕಳ ಮುಂದೆ ದುಡ್ಡಿನ ಮಾತು ಆಡಬಾರದು ಅಂತಲೇ ನಾನೂ ಬೆಳೆದೆ. ಏಪ್ರಿಲ್‌ನಲ್ಲಿ, ಸೀಟು ಒಪ್ಪಿಕೊಳ್ಳುವ ಮೇ 1ರ ಗಡುವಿಗೆ ಹತ್ತು ದಿನ ಇರುವಾಗ, ಅವಳು ಆ ಯೂನಿವರ್ಸಿಟಿಯ ಟಿ-ಶರ್ಟ್ ಹಾಕಿಕೊಂಡು ಕೂತಿದ್ದಾಗ, ಲ್ಯಾಪ್‌ಟಾಪಿನಲ್ಲಿ ಲೆಕ್ಕ ತೆರೆದು ತೋರಿಸಿದೆ.

ಅವಳು ಅಳಲಿಲ್ಲ. "ಅಪ್ಪಾ, ಇದನ್ನ ಆಗಸ್ಟಲ್ಲೇ ಹೇಳಿದ್ದಿದ್ರೆ ನಾನು ಅಲ್ಲಿಗೆ ಹಾಕ್ತಾನೇ ಇರಲಿಲ್ಲ ಅಲ್ವಾ?" ಅಂದಳು. ಎದ್ದು ಹೋದಳು. ನನ್ನ ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಈಗ ಅವಳಿಗೆ ರಟ್ಗರ್ಸ್‌ನಲ್ಲಿ ಎರಡನೇ ವರ್ಷ. ಮೊದಲ ಸೆಮಿಸ್ಟರು ಮುನಿಸು ಇತ್ತು. ಈಗ ಶುಕ್ರವಾರ ಸಂಜೆ ಬಟ್ಟೆ ಮೂಟೆ ಹೊತ್ತುಕೊಂಡು ಬರುತ್ತಾಳೆ, ಭಾನುವಾರ ಚಟ್ನಿಪುಡಿ ಡಬ್ಬಿ ಹಿಡಿದುಕೊಂಡು ಹೋಗುತ್ತಾಳೆ. ಒಂದು ಲ್ಯಾಬಿನಲ್ಲಿ ಕೆಲಸವೂ ಸಿಕ್ಕಿದೆ.

ಮಗ ಹತ್ತನೇ ತರಗತಿಯಲ್ಲಿದ್ದಾನೆ. ಹೋದ ಭಾನುವಾರ ಅವನನ್ನು ಊಟದ ಮೇಜಿನ ಮುಂದೆ ಕೂರಿಸಿ, ವರ್ಷಕ್ಕೆ ನಾವು ಎಷ್ಟು ಕೊಡಬಲ್ಲೆವು ಅಂತ ಒಂದು ಚೀಟಿಯಲ್ಲಿ ಬರೆದು ಮುಂದಿಟ್ಟೆ. ಅವನು ಸ್ವಲ್ಪ ಹೊತ್ತು ನೋಡಿದ.

"ಅಕ್ಕಂಗೂ ಇಷ್ಟೇ ಇತ್ತಾ?"

ಹೂಂ ಅಂದೆ.

"ಅವಳಿಗ್ಯಾಕೆ ಚೀಟಿ ಕೊಡಲಿಲ್ಲ?"